ಫ್ರೋಜನ್ ಮಿಕ್ಸ್‌ಡ್ ಫ್ರೂಟ್: ಪ್ಯಾಕೆಟ್ ಸುರಿದು ತೂಗಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಈ ಪ್ಯಾಕೆಟ್ ನಾನು ತಂದಿದ್ದು ಅದರ ಮೇಲಿನ ಚಿತ್ರಕ್ಕೆ ಮರುಳಾಗಿ. ಗಾಜಿನ ಬಟ್ಟಲ ತುಂಬ ಬ್ಲೂಬೆರಿ, ಮೇಲೆ ಎರಡು ಸ್ಟ್ರಾಬೆರಿ, ಪಕ್ಕದಲ್ಲಿ ಮಾವಿನ ಒಂದೇ ಒಂದು ತುಂಡು. ಅನಾನಸ್ ಇದೆಯಾ ಅಂತ ಹುಡುಕಬೇಕು, ಬಟ್ಟಲ ಹಿಂದೆ ಎಲ್ಲೋ ಒಂದು ಹಳದಿ ಅಂಚು ಕಾಣುತ್ತದೆ ಅಷ್ಟೇ. ಮನೆಗೆ ತಂದು, ಮೂಲೆ ಕತ್ತರಿಸಿ ತಟ್ಟೆಗೆ ಸುರಿದರೆ ಕಥೆಯೇ ಉಲ್ಟಾ. ಎಲ್ಲಿ ನೋಡಿದರೂ ಹಳದಿ. ಈಗ ಹುಡುಕಬೇಕಾದದ್ದು ಬ್ಲೂಬೆರಿಯನ್ನು.

ಕಂಪನಿ ಹೆಸರು ಬರೆಯುತ್ತಿಲ್ಲ. ಇಂಥ ಪ್ಯಾಕೆಟ್ ಮೂರು ಕಂಪನಿಗಳದ್ದು ತಂದು ನೋಡಿದ್ದೇನೆ, ಚಿತ್ರದ ವಿಷಯದಲ್ಲಿ ಮೂವರೂ ಅಣ್ಣತಮ್ಮಂದಿರು. ಹಾಗಾಗಿ ಇದನ್ನು ಒಂದು ಬ್ರ್ಯಾಂಡಿನ ವಿಮರ್ಶೆ ಅಂತ ಓದಬೇಡಿ, ಫ್ರೋಜನ್ ಮಿಕ್ಸ್‌ಡ್ ಫ್ರೂಟ್ ಅನ್ನೋ ಸರಕಿನ ವಿಮರ್ಶೆ ಅಂತ ಓದಿ. ನನಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಇದರಲ್ಲಿ ಸತ್ವ ಇದೆಯಾ, ಇಲ್ಲಾ ಸುಮ್ನೆ ಬಣ್ಣ ಹಾಕಿದ ಐಸಾ?

ಸಿಟ್ಟಲ್ಲಿ ಅಡುಗೆಮನೆಯ ತಕ್ಕಡಿ ತೆಗೆದೆ. 500 ಗ್ರಾಂ ಪ್ಯಾಕೆಟ್. ಬೆರಳು ಮರಗಟ್ಟುವಷ್ಟು ಹೊತ್ತು ಕೂತು ಒಂದೊಂದು ಹಣ್ಣನ್ನೂ ಬೇರೆ ಬೇರೆ ಗುಡ್ಡೆ ಮಾಡಿದೆ. ಅನಾನಸ್ 140 ಗ್ರಾಂ, ಸ್ಟ್ರಾಬೆರಿ 130, ಮಾವು 125, ಪೀಚ್ 65. ನಮ್ಮ ನಾಯಕ ನಟ ಬ್ಲೂಬೆರಿ 28 ಗ್ರಾಂ. ಉಳಿದ 12 ಗ್ರಾಂ ತಳದಲ್ಲಿದ್ದ ಐಸ್ ಪುಡಿ ಮತ್ತು ಹಣ್ಣಿನ ಚೂರು. ಬ್ಲೂಬೆರಿ ಎಣಿಸಿಯೂ ನೋಡಿದೆ, ಹತ್ತೊಂಬತ್ತು. ಅದರಲ್ಲಿ ನಾಲ್ಕು ಸುಕ್ಕುಗಟ್ಟಿದ್ದವು. ಇಷ್ಟೆಲ್ಲ ಯಾಕೆ ಮಾಡಿದೆ ಅಂದರೆ, ಮಿಕ್ಸ್ ಅಂತ ಬರೆದ ಮೇಲೆ ಯಾವುದು ಎಷ್ಟು ಅನ್ನೋದೇ ಮುಖ್ಯ. ಐದೂ ಹಣ್ಣಿನ ಗುಣ ಒಂದೇ ಅಲ್ಲ, ಒಂದರಲ್ಲಿ ವಿಟಮಿನ್ ಸಿ ಜಾಸ್ತಿ, ಇನ್ನೊಂದರಲ್ಲಿ ಸಕ್ಕರೆ ಜಾಸ್ತಿ, ಮತ್ತೊಂದರಲ್ಲಿ ಬರೀ ನೀರು.

ಮೋಸ ಅಂತ ಹೇಳೋಕೂ ಆಗಲ್ಲ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಎಲ್ಲ ಬರೆದಿದ್ದಾರೆ. ಪದಾರ್ಥಗಳ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದು ಮೊದಲು ಬರಬೇಕು ಅನ್ನೋದು ಬಹುತೇಕ ಎಲ್ಲ ಕಡೆ ಇರುವ ನಿಯಮ. ಹಣ್ಣುಗಳ ಸಾಲು ಅನಾನಸ್‌ನಿಂದ ಶುರುವಾಗಿ ಬ್ಲೂಬೆರಿಯಲ್ಲಿ ಮುಗಿಯುತ್ತದೆ. ನಾನು ಓದಿರಲಿಲ್ಲ ಅಷ್ಟೇ. ಚಿತ್ರ ಮುಂದೆ, ಸತ್ಯ ಹಿಂದೆ. ಅಂಗಡಿಯಲ್ಲಿ ಫ್ರೀಜರ್ ಬಾಗಿಲು ತೆಗೆದು ನಿಂತಾಗ ಯಾರು ತಾನೇ ಪ್ಯಾಕೆಟ್ ತಿರುಗಿಸಿ ಓದುತ್ತಾರೆ, ಅಲ್ವಾ?

ಪೋಷಕಾಂಶದ ಪಟ್ಟಿಗೆ ಬರೋಣ. 100 ಗ್ರಾಂಗೆ 48 ಕ್ಯಾಲರಿ, ಸಕ್ಕರೆ 9 ಗ್ರಾಂ, ನಾರು 1.7 ಗ್ರಾಂ, ಪ್ರೋಟೀನ್ ಒಂದು ಗ್ರಾಂಗಿಂತ ಕಡಿಮೆ, ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ನಾನು ಒಂದು ಹೊತ್ತಿಗೆ ತಿನ್ನುವುದು ಸುಮಾರು 150 ಗ್ರಾಂ. ಅಂದರೆ 72 ಕ್ಯಾಲರಿ, ಹದಿಮೂರು ಹದಿನಾಲ್ಕು ಗ್ರಾಂ ಸಕ್ಕರೆ, ಎರಡೂವರೆ ಗ್ರಾಂ ನಾರು. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಬಟ್ಟಲಿಗೆ ಹತ್ತರಲ್ಲಿ ಒಂದು ಪಾಲು ಸಿಕ್ಕಿತು. ಕಮ್ಮಿ ಏನಲ್ಲ, ಹಾಗಂತ ಕುಣಿದಾಡುವಷ್ಟೂ ಅಲ್ಲ. ಈ ಮಿಕ್ಸ್‌ನಲ್ಲಿ ರಾಸ್ಪ್‌ಬೆರಿ ಇದ್ದಿದ್ದರೆ ನಾರಿನ ಲೆಕ್ಕವೇ ಬೇರೆ ಆಗುತ್ತಿತ್ತು, ಅದೊಂದರಲ್ಲೇ 100 ಗ್ರಾಂಗೆ ಆರೂವರೆ ಗ್ರಾಂ ಇರುತ್ತದೆ. ವಿಟಮಿನ್ ಸಿ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದೇ ಇಲ್ಲ. ಹಣ್ಣು ತಿನ್ನುವವರಲ್ಲಿ ಅರ್ಧ ಜನ ಅದಕ್ಕೇ ತಿನ್ನುವುದು, ಅದನ್ನೇ ಬಿಟ್ಟಿದ್ದಾರೆ.

ಅಷ್ಟೊತ್ತಿಗೆ ಅಮ್ಮ ಬಂದು ನೋಡಿ, “ಐಸಲ್ಲಿಟ್ಟ ಹಣ್ಣಲ್ಲಿ ಏನಿರುತ್ತೋ, ಸತ್ವ ಎಲ್ಲ ಸತ್ತು ಹೋಗಿರುತ್ತೆ” ಅಂದರು. ನನಗೂ ಒಳಗೊಳಗೇ ಅದೇ ಅನುಮಾನ ಇತ್ತು. ಆಮೇಲೆ ಕೂತು ಓದಿದ ಮೇಲೆ ಗೊತ್ತಾಗಿದ್ದು, ಚಳಿ ಹಣ್ಣಿನ ಸತ್ವವನ್ನು ಕೊಲ್ಲುವುದಿಲ್ಲ. ಬಿಸಿ, ಗಾಳಿ, ಬೆಳಕು, ಕಾಲ, ಇವು ಕೊಲ್ಲುತ್ತವೆ. ಚಳಿ ಇವುಗಳ ಕೆಲಸ ನಿಧಾನ ಮಾಡುತ್ತದೆ.

ಫ್ಯಾಕ್ಟರಿಯಲ್ಲಿ ಆಗುವುದು ಹೀಗೆ. ಹಣ್ಣು ತೊಳೆದು, ಸಿಪ್ಪೆ ತೆಗೆದು, ಹೋಳು ಮಾಡಿ, ಜಾಲರಿಯಂಥ ಬೆಲ್ಟ್ ಮೇಲೆ ಹರಡುತ್ತಾರೆ. ಕೆಳಗಿನಿಂದ ಮೈನಸ್ 30, ಮೈನಸ್ 40 ಡಿಗ್ರಿಯ ಗಾಳಿ ಜೋರಾಗಿ ಬೀಸುತ್ತದೆ, ಎಷ್ಟು ಜೋರು ಅಂದರೆ ಸಣ್ಣ ಹಣ್ಣುಗಳು ಆ ಗಾಳಿಯಲ್ಲಿ ಕುಣಿಯುತ್ತಾ ಬಿಡಿಬಿಡಿಯಾಗಿ ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತವೆ. ಐಕ್ಯೂಎಫ್ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರಲ್ಲ, ಅದು ಇದೇ. ಬೇಗ ಹೆಪ್ಪುಗಟ್ಟಿದರೆ ಹಣ್ಣಿನೊಳಗೆ ಐಸಿನ ಹರಳು ಸಣ್ಣದಾಗಿರುತ್ತದೆ, ನಿಧಾನಕ್ಕೆ ಹೆಪ್ಪುಗಟ್ಟಿದರೆ ದೊಡ್ಡದಾಗಿ ಬೆಳೆದು ಹಣ್ಣಿನ ಕೋಶಗಳನ್ನು ಸೀಳಿಬಿಡುತ್ತದೆ. ಈ ಗುಟ್ಟನ್ನು ದೊಡ್ಡ ವ್ಯಾಪಾರ ಮಾಡಿದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. ಈಗ ಕೆನಡಾದಲ್ಲಿರುವ ಲ್ಯಾಬ್ರಡಾರ್‌ನ ಕೊರೆಯುವ ಚಳಿಯಲ್ಲಿ ಅಲ್ಲಿನ ಮೂಲನಿವಾಸಿ ಇನ್ಯೂಟ್ ಜನ ಹಿಡಿದ ಮೀನು ಆ ಕ್ಷಣವೇ ಹೆಪ್ಪುಗಟ್ಟುವುದನ್ನು, ತಿಂಗಳುಗಳ ನಂತರ ಕರಗಿಸಿದರೂ ತಾಜಾ ಇರುವುದನ್ನು ಕಂಡು, 1920ರ ದಶಕದಲ್ಲಿ ಅದನ್ನೇ ಯಂತ್ರದಲ್ಲಿ ಮಾಡಿದರು. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಂಗಡಿಗೂ ಬಂತು.

ಇನ್ನೊಂದು ವಿಷಯ, ತರಕಾರಿಯನ್ನು ಫ್ರೀಜ್ ಮಾಡುವ ಮುಂಚೆ ಸಾಮಾನ್ಯವಾಗಿ ಬಿಸಿನೀರಲ್ಲಿ ಅದ್ದಿ ತೆಗೆಯುತ್ತಾರೆ, ಅಲ್ಲೇ ಒಂದಷ್ಟು ವಿಟಮಿನ್ ಸಿ ಹೋಗಿಬಿಡುತ್ತದೆ. ಹಣ್ಣಿಗೆ ಹೆಚ್ಚಾಗಿ ಆ ಸ್ನಾನ ಇಲ್ಲ. ಹಸಿಯಾಗೇ ಹೆಪ್ಪುಗಟ್ಟುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಹಣ್ಣು ತರಕಾರಿಗಳ ತಾಜಾ ಮತ್ತು ಫ್ರೋಜನ್ ರೂಪಗಳನ್ನು ಪಕ್ಕಪಕ್ಕ ಇಟ್ಟು ಅಳೆದರು, ಸ್ಟ್ರಾಬೆರಿ ಬ್ಲೂಬೆರಿ ಎರಡೂ ಅದರಲ್ಲಿದ್ದವು. ವಿಟಮಿನ್ ಸಿ ವಿಷಯದಲ್ಲಿ ಐದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ, ಮೂರರಲ್ಲಿ ಫ್ರೋಜನ್‌ನಲ್ಲೇ ಜಾಸ್ತಿ ಇತ್ತು. ಇದು ವಿಚಿತ್ರ ಅನಿಸಬಹುದು, ಆದರೆ ತಾಜಾ ಅಂತ ನಾವು ಕರೆಯುವ ಹಣ್ಣು ಕೊಯ್ದು, ಲಾರಿ ಹತ್ತಿ, ಅಂಗಡಿಯಲ್ಲಿ ಕೂತು, ಆಮೇಲೆ ನಮ್ಮ ಫ್ರಿಜ್‌ನಲ್ಲೂ ನಾಲ್ಕು ದಿನ ಕೂತಿರುತ್ತದೆ. ಅಷ್ಟೂ ದಿನ ವಿಟಮಿನ್ ಸಿ ಸೋರುತ್ತಲೇ ಇರುತ್ತದೆ. ಅಮ್ಮನಿಗೆ ಇದನ್ನು ಹೇಳಿದೆ. “ಹಾಗಾದ್ರೆ ಆವತ್ತೇ ತಂದು ಆವತ್ತೇ ತಿನ್ನು” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸರಿಯಾಗೇ ಹೇಳಿದರು.

ಆದರೂ ಫ್ರೋಜನ್ ಅಂದರೆ ನಷ್ಟವೇ ಇಲ್ಲ ಅಂತ ಡಂಗುರ ಹೊಡೆಯುವುದೂ ತಪ್ಪು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ತಾಜಾ ಸ್ಟ್ರಾಬೆರಿಗೆ 100 ಗ್ರಾಂಗೆ ಸುಮಾರು 59 ಮಿಲಿಗ್ರಾಂ ವಿಟಮಿನ್ ಸಿ, ಸಕ್ಕರೆ ಹಾಕದ ಫ್ರೋಜನ್ ಸ್ಟ್ರಾಬೆರಿಗೆ ಸುಮಾರು 41. ಕಡಿಮೆಯೇ. ಆದರೂ 41 ಅಂದರೆ ತಾಜಾ ಮಾವಿಗಿಂತ ಜಾಸ್ತಿ, ಮಾವಿನದು 36. ನಾರು, ಖನಿಜಗಳು ಮಾತ್ರ ಎಲ್ಲೂ ಹೋಗುವುದಿಲ್ಲ, ಚಳಿಗೆ ಅವುಗಳ ಪರಿವೆಯೇ ಇಲ್ಲ.

ಈಗ ನನಗೆ ನಗು ಬಂದ ಭಾಗಕ್ಕೆ ಬರುತ್ತೇನೆ. ಬ್ಲೂಬೆರಿ ಕಮ್ಮಿ ಕೊಟ್ಟರು ಅಂತ ನಾನು ಉರಿದುಕೊಂಡಿದ್ದೆ ತಾನೇ? ಅದೇ ಕೋಷ್ಟಕದಲ್ಲಿ ಫ್ರೋಜನ್ ಬ್ಲೂಬೆರಿಯ ವಿಟಮಿನ್ ಸಿ ನೋಡಿದೆ, 100 ಗ್ರಾಂಗೆ ಎರಡೂವರೆ ಮಿಲಿಗ್ರಾಂ. ತಾಜಾದಲ್ಲೂ ಹತ್ತು ದಾಟುವುದಿಲ್ಲ. ನನ್ನ ಹತ್ತೊಂಬತ್ತು ಬ್ಲೂಬೆರಿ ಎಲ್ಲ ಸೇರಿ ಒಂದು ಮಿಲಿಗ್ರಾಂ ಕೂಡ ಕೊಡುವುದಿಲ್ಲ! ನಾನು ತಟ್ಟೆಯ ಮೂಲೆಗೆ ತಳ್ಳಿದ್ದ ಅನಾನಸ್‌ನಲ್ಲಿ, ತಾಜಾ ಹಣ್ಣಿನ ಲೆಕ್ಕದಲ್ಲಿ, 100 ಗ್ರಾಂಗೆ ಸುಮಾರು 48. ಫ್ರೀಜ್ ಮಾಡುವಾಗ ಒಂದಷ್ಟು ಹೋಯಿತು ಅಂದುಕೊಂಡರೂ ಇಡೀ ಪ್ಯಾಕೆಟ್ಟಿನ ವಿಟಮಿನ್ ಸಿ ಹೊತ್ತು ನಡೆಯುತ್ತಿರುವುದು ಅನಾನಸ್, ಸ್ಟ್ರಾಬೆರಿ, ಮಾವು, ಈ ಮೂರೇ. ಕಂಪನಿಯವರು ದುಡ್ಡು ಉಳಿಸೋಕೆ ತುಂಬಿದ ಹಣ್ಣೇ ನನಗೆ ಜಾಸ್ತಿ ಕೊಟ್ಟಿದೆ. ಪೀಚ್ ಪಾಪ ಚಿತ್ರದಲ್ಲೂ ಇಲ್ಲ, ವಿಟಮಿನ್ ಸಿ ಲೆಕ್ಕದಲ್ಲೂ ಇಲ್ಲ, ಸುಮ್ನೆ ಜಾಗ ತುಂಬಿಸೋಕೆ ಬಂದ ನೆಂಟ.

ಬ್ಲೂಬೆರಿ ಪರವಾಗಿ ಒಂದು ಮಾತು ಹೇಳಲೇಬೇಕು. ಅದರ ಹೆಸರು ಇರುವುದು ಆಂಥೋಸಯನಿನ್ ಅನ್ನೋ ನೇರಳೆ ಬಣ್ಣದ ಅಂಶಕ್ಕೆ, ವಿಟಮಿನ್ ಸಿಗಲ್ಲ. ಒಂದು ಬೆರಿ ಅರ್ಧಕ್ಕೆ ಸೀಳಿ ನೋಡಿ, ಒಳಗಿನ ತಿರುಳು ಬಿಳಿಚಿಕೊಂಡಿರುತ್ತದೆ, ಬಣ್ಣ ಎಲ್ಲ ಸಿಪ್ಪೆಯಲ್ಲಿ. ಅದಕ್ಕೇ ದಪ್ಪ ದಪ್ಪ ಹಣ್ಣಿಗಿಂತ ಸಣ್ಣ ಕಾಡು ಬ್ಲೂಬೆರಿಯಲ್ಲಿ ಈ ಅಂಶ ಜಾಸ್ತಿ, ಅದೇ ತೂಕಕ್ಕೆ ಸಿಪ್ಪೆ ಜಾಸ್ತಿ ಸಿಗುತ್ತಲ್ಲ. ಹಾಗಾಗಿ ಅದಕ್ಕೋಸ್ಕರ ತರುವವರು ಮಿಕ್ಸ್ ಬಿಟ್ಟು ಬರೀ ಬ್ಲೂಬೆರಿ ಪ್ಯಾಕೆಟ್ ತನ್ನಿ.

ಪಟ್ಟಿಯ ಕೊನೆಯಲ್ಲಿ ಆಸ್ಕಾರ್ಬಿಕ್ ಆಸಿಡ್ ಅಂತ ಇತ್ತು. “ನೋಡು, ಕೆಮಿಕಲ್” ಅಂದರು ಅಮ್ಮ. ಅದು ವಿಟಮಿನ್ ಸಿಯದೇ ಇನ್ನೊಂದು ಹೆಸರು. ಕತ್ತರಿಸಿದ ಪೀಚ್ ಗಾಳಿ ತಾಗಿದರೆ ಕಂದುಬಣ್ಣಕ್ಕೆ ತಿರುಗುತ್ತದೆ, ಅದು ಆಗದಿರಲಿ ಅಂತ ಹಾಕುತ್ತಾರೆ. ಹೆದರಬೇಕಾದ್ದು ಅದಕ್ಕಲ್ಲ, ಸಕ್ಕರೆಗೆ. ನಾನು ತಂದ ಮೂರರಲ್ಲಿ ಒಂದು ಪ್ಯಾಕೆಟ್ ಸಿರಪ್ ಹಾಕಿದ್ದು, ಮುಂದೆ ಎಲ್ಲೂ ಹೇಳಿಲ್ಲ, ಹಿಂದೆ ಪಟ್ಟಿಯಲ್ಲಿ ಎರಡನೇ ಹೆಸರೇ ಸಕ್ಕರೆ. ಇದರ ಪರಿಣಾಮ ಎಷ್ಟು ಅಂತ ಬೇಕಿದ್ದರೆ ಸ್ಟ್ರಾಬೆರಿಯನ್ನೇ ನೋಡಿ. ಸಕ್ಕರೆ ಇಲ್ಲದ ಫ್ರೋಜನ್ ಸ್ಟ್ರಾಬೆರಿ 100 ಗ್ರಾಂಗೆ 35 ಕ್ಯಾಲರಿ, ಹೋಳು ಮಾಡಿ ಸಕ್ಕರೆ ಹಾಕಿದ್ದು 96. ಹಣ್ಣು ಅದೇ, ಸಕ್ಕರೆ ಮಾತ್ರ ಐದು ಪಟ್ಟು. ಅಂಗಡಿಯಲ್ಲೇ ಒಂದು ಸುಲಭ ಪರೀಕ್ಷೆ ಮಾಡಬಹುದು. ಮಾವು ಅನಾನಸ್ ಇರುವ ಮಿಕ್ಸ್‌ನಲ್ಲಿ 100 ಗ್ರಾಂಗೆ ಸಕ್ಕರೆ ಒಂಬತ್ತು ಹತ್ತು ಗ್ರಾಂ ಇದ್ದರೆ ಅದು ಹಣ್ಣಿನದ್ದೇ. ಇಪ್ಪತ್ತರ ಹತ್ತಿರ ಹೋದರೆ ಕೈ ಬಿಡಿ.

ಇನ್ನು ಪ್ಯಾಕೆಟ್ ಮನೆಗೆ ಬಂದ ಮೇಲಿನ ಕಥೆ, ಅಲ್ಲಿ ತಪ್ಪು ಮಾಡಿದ್ದು ಪೂರ್ತಿ ನಾನೇ. ಎರಡನೇ ಪ್ಯಾಕೆಟ್ ಅರ್ಧ ಉಳಿದಿದ್ದಾಗ ಒಂದು ರಾತ್ರಿ ಫ್ರೀಜರ್ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಬೆಳಿಗ್ಗೆ ನೋಡಿದರೆ ಹಣ್ಣು ಮೆತ್ತಗಾಗಿ ಕೆಳಗೆ ಕೆಂಪು ನೀರು. ಪರವಾಗಿಲ್ಲ ಅಂತ ಬಾಗಿಲು ಒತ್ತಿ ಮುಚ್ಚಿದೆ. ಸಂಜೆಗೆ ಇಟ್ಟಿಗೆ. ಒಂದು ತುಂಡು ಬೇಕೆಂದರೆ ಸುತ್ತಿಗೆ ತರಬೇಕು. ನಮ್ಮ ಮನೆಯ ಫ್ರೀಜರ್ ನಿಧಾನಕ್ಕೆ ಹೆಪ್ಪುಗಟ್ಟಿಸುತ್ತದೆ, ಹಾಗಾಗಿ ದೊಡ್ಡ ಹರಳು, ಕೋಶ ಎಲ್ಲ ಚಿಂದಿ. ಮತ್ತೆ ಕರಗಿಸಿದಾಗ ಸ್ಟ್ರಾಬೆರಿ ಒದ್ದೆ ಸ್ಪಂಜಿನ ಥರ ಇತ್ತು. ಬಾಯಿಗಿಡದೆ ಎಸೆದೆ, ರಾತ್ರಿಯಿಡೀ ಎಷ್ಟು ಬೆಚ್ಚಗಾಗಿತ್ತೋ ಏನೋ. ಇದರಿಂದ ಅಂಗಡಿಗೂ ಒಂದು ಪಾಠ ಸಿಕ್ಕಿತು, ಪ್ಯಾಕೆಟ್ ಅಲುಗಾಡಿಸಿ ನೋಡಿ, ಒಳಗೆ ಗೋಲಿಗಳ ಹಾಗೆ ಗಲಗಲ ಅನ್ನಬೇಕು. ಮುದ್ದೆ ಕಟ್ಟಿದ್ದರೆ ಅದು ದಾರಿಯಲ್ಲಿ ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಮೈನಸ್ 18 ಡಿಗ್ರಿಯಲ್ಲೇ ಇರಬೇಕಾದ ಅದರ ವ್ರತ ಯಾವಾಗಲೋ ಮುರಿದಿದೆ.

ಆ ಕೆಂಪು ನೀರಿನ ವಿಷಯ. 100 ಗ್ರಾಂ ಸ್ಟ್ರಾಬೆರಿಯನ್ನು ಜರಡಿಯಲ್ಲಿಟ್ಟು, ಕೆಳಗೊಂದು ಬಟ್ಟಲು ಇಟ್ಟು ರಾತ್ರಿ ಫ್ರಿಜ್‌ನಲ್ಲಿ ಬಿಟ್ಟೆ. ಬೆಳಿಗ್ಗೆ 24 ಗ್ರಾಂ ನೀರು ಇಳಿದಿತ್ತು. ನಾನು ಮೊದಲೆಲ್ಲ ಇದನ್ನು ಸಿಂಕಿಗೆ ಚೆಲ್ಲುತ್ತಿದ್ದೆ, ಐಸ್ ಕರಗಿದ ನೀರು ಅಂದುಕೊಂಡು. ರುಚಿ ನೋಡಿದರೆ ಒಳ್ಳೆ ಹಣ್ಣಿನ ರಸ! ವಿಟಮಿನ್ ಸಿ ನೀರಲ್ಲಿ ಕರಗುವಂಥದ್ದು, ಆ ಕೆಂಪು ಬಣ್ಣದ ಅಂಶವೂ ಅಷ್ಟೇ. ಫ್ಯಾಕ್ಟರಿಯವರು ಕಷ್ಟಪಟ್ಟು ಉಳಿಸಿದ್ದನ್ನು ನಾನು ನಲ್ಲಿ ಕೆಳಗೆ ಬಿಡುತ್ತಿದ್ದೆ. ಈಗ ತಿನ್ನುವ ಬಟ್ಟಲಲ್ಲೇ ಕರಗಲು ಬಿಡುತ್ತೇನೆ, ನೀರು ಸಮೇತ ಮೊಸರಿಗೆ ಹೋಗುತ್ತದೆ.

ಸ್ಮೂದಿ ಮಾಡುವವರಿಗೆ ಎರಡು ಮಾತು. ಒಂದು, ಅನಾನಸ್ ಇರುವ ಮಿಕ್ಸನ್ನು ಹಾಲಿನ ಜೊತೆ ರುಬ್ಬಿ ಇಟ್ಟುಕೊಳ್ಳಬೇಡಿ. ರಾತ್ರಿ ಮಾಡಿ ಬೆಳಿಗ್ಗೆ ಕುಡಿಯೋಣ ಅಂತ ಇಟ್ಟೆ, ಬೆಳಿಗ್ಗೆ ಕಷಾಯಕ್ಕಿಂತ ಕಹಿ. ಅನಾನಸ್‌ನಲ್ಲಿರುವ ಬ್ರೋಮಲಿನ್ ಅನ್ನೋ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ, ಆ ಚೂರುಗಳು ಕಹಿ. ಚಳಿಗೆ ಈ ಕಿಣ್ವ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೇ, ಕರಗಿದ ತಕ್ಷಣ ಎದ್ದು ಕೂರುತ್ತದೆ. ಮಾಡಿದ ಕೂಡಲೇ ಕುಡಿದರೆ ತೊಂದರೆ ಇಲ್ಲ. ಎರಡು, ಬಾಳೆಹಣ್ಣು. ಸ್ಮೂದಿ ಗಟ್ಟಿಯಾಗಲಿ ಅಂತ ನಾನು ಯಾವಾಗಲೂ ಒಂದು ಬಾಳೆಹಣ್ಣು ಹಾಕುತ್ತಿದ್ದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದರಲ್ಲೂ ಡೇವಿಸ್‌ನವರ ಕೈ ಇದೆ, ಬಾಳೆಹಣ್ಣಿನ ಸ್ಮೂದಿ ಕುಡಿದವರ ರಕ್ತದಲ್ಲಿ, ಬೆರಿಗಳಲ್ಲೂ ಇರುವ ಫ್ಲೇವನಾಲ್ ಅನ್ನೋ ಅಂಶದ ಮಟ್ಟ, ಅದನ್ನು ಬರೀ ಕ್ಯಾಪ್ಸೂಲ್ ರೂಪದಲ್ಲಿ ತೆಗೆದುಕೊಂಡಾಗಿನದಕ್ಕಿಂತ 84 ಶೇಕಡಾ ಕಡಿಮೆ ಇದ್ದದ್ದನ್ನು ತೋರಿಸಿತು. ಕತ್ತರಿಸಿದ ಬಾಳೆಹಣ್ಣನ್ನು ಕಪ್ಪಾಗಿಸುವ ಕಿಣ್ವ ಇದೆಯಲ್ಲ, ಅದರದ್ದೇ ಕೆಲಸ. ಹಾಗಂತ ಬಾಳೆಹಣ್ಣು ಕೆಟ್ಟದ್ದು ಅಂತಲ್ಲ, ಪ್ರತ್ಯೇಕವಾಗಿ ಬೇರೆ ಹೊತ್ತಲ್ಲಿ ತಿನ್ನಿ. ಬೆರಿಗಾಗಿಯೇ ದುಡ್ಡು ಕೊಟ್ಟು, ಅದರ ಗುಣವನ್ನು ಮಿಕ್ಸಿಯಲ್ಲಿ ಕಳೆದುಕೊಳ್ಳುವುದು ಯಾಕೆ? ಮತ್ತೆ, ರುಬ್ಬಿದ್ದು ಎಷ್ಟು ಬೇಕಾದರೂ ಗಂಟಲಲ್ಲಿ ಇಳಿಯುತ್ತದೆ, ಅಗಿಯುವಾಗ ಅಷ್ಟು ತಿನ್ನೋಕಾಗಲ್ಲ. ಬ್ರಿಟನ್ನಿನ ಆರೋಗ್ಯ ಸೇವೆಯವರು ಜ್ಯೂಸ್ ಸ್ಮೂದಿ ಎಲ್ಲ ಸೇರಿ ದಿನಕ್ಕೆ 150 ಮಿಲಿಲೀಟರ್ ಸಾಕು ಅನ್ನುತ್ತಾರೆ. ನನ್ನ ಲೋಟ ಅದರ ಎರಡು ಪಟ್ಟು ದೊಡ್ಡದು.

ಚಳಿಗೆ ಸಾಯದವು ಇನ್ನೂ ಇವೆ, ವೈರಸ್ಸುಗಳು. 2012ರಲ್ಲಿ ಜರ್ಮನಿಯಲ್ಲಿ ಫ್ರೋಜನ್ ಸ್ಟ್ರಾಬೆರಿಯಿಂದ ನೊರೊವೈರಸ್ ಹರಡಿ ಸುಮಾರು 11,000 ಜನ, ಹೆಚ್ಚಿನವರು ಶಾಲೆ ಮಕ್ಕಳು, ವಾಂತಿ ಭೇದಿಗೆ ಬಿದ್ದಿದ್ದರು. ಫ್ರೋಜನ್ ಬೆರಿಗಳಿಂದ ಹೆಪಟೈಟಿಸ್ ಎ ಹರಡಿದ್ದೂ ಇದೆ. ಐರ್ಲೆಂಡಿನ ಆಹಾರ ಸುರಕ್ಷತಾ ಸಂಸ್ಥೆಯವರು ಹೊರದೇಶದಿಂದ ಬಂದ ಫ್ರೋಜನ್ ಬೆರಿಯನ್ನು ಒಂದು ನಿಮಿಷ ಕುದಿಸಿ ತಿನ್ನಿ ಅನ್ನುತ್ತಾರೆ. ಕುದಿಸಿದರೆ ವಿಟಮಿನ್ ಸಿ ಒಂದಷ್ಟು ಹೋಗುತ್ತದೆ, ನಿಜ. ನಾನು ನನಗೆ ಮಾಡಿಕೊಳ್ಳುವಾಗ ಕುದಿಸುವುದಿಲ್ಲ, ಆದರೆ ಅಮ್ಮನಿಗೆ, ಪುಟ್ಟ ಮಕ್ಕಳಿಗೆ, ಬಸುರಿ ಹೆಂಗಸರಿಗೆ ಕೊಡುವುದಾದರೆ ಕುದಿಸಿಯೇ ಕೊಡುವವಳು. ಪ್ಯಾಕೆಟ್ ಮೇಲೆ ತಿನ್ನಲು ಸಿದ್ಧ ಅಂತ ಇದೆಯೋ, ಬೇಯಿಸಿ ತಿನ್ನಿ ಅಂತ ಇದೆಯೋ ಅದನ್ನೂ ನೋಡಿ.

ರುಚಿ? ಮಾವು ಗೆದ್ದಿತು, ಅರ್ಧ ಕರಗಿದಾಗ ತಿಂದರೆ ಕುಲ್ಫಿಯ ಹಾಗೆ. ಅನಾನಸ್ ಸ್ವಲ್ಪ ನಾರು ನಾರು. ಸ್ಟ್ರಾಬೆರಿ ಪೂರ್ತಿ ಕರಗುವ ಮುಂಚೆ ತಿನ್ನಬೇಕು, ಆಮೇಲೆ ಅದು ಸ್ಟ್ರಾಬೆರಿ ಅಲ್ಲ, ಸ್ಟ್ರಾಬೆರಿಯ ನೆನಪು. ಪೀಚ್‌ಗೆ ರುಚಿಯೂ ಇಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸಕ್ಕರೆ ಹಾಕಿಲ್ಲ, ಹಣ್ಣು ಬಿಡಿಬಿಡಿಯಾಗಿತ್ತು, ಒಂದು ಬಟ್ಟಲಿಗೆ ಸುಮಾರು 50 ಮಿಲಿಗ್ರಾಂ ವಿಟಮಿನ್ ಸಿ ನನ್ನ ಲೆಕ್ಕದಲ್ಲಿ ಸಿಗುತ್ತದೆ, ದೊಡ್ಡವರ ದಿನದ ಅಗತ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ. ಒಂದು ಅಂಕ ವಿಟಮಿನ್ ಸಿ ಬರೆಯದೆ ಬಿಟ್ಟಿದ್ದಕ್ಕೆ, ಅರ್ಧ ಅಂಕ ಆ ಚಿತ್ರಕ್ಕೆ ಹೋಯಿತು. ಮುಂದಿನ ಸಲ ಮಿಕ್ಸ್ ತರುವುದಿಲ್ಲ, ಬರೀ ಸ್ಟ್ರಾಬೆರಿ ಒಂದು, ಬರೀ ಬ್ಲೂಬೆರಿ ಒಂದು ತಂದು ಮನೆಯಲ್ಲೇ ಕಲಸಿಕೊಳ್ಳುತ್ತೇನೆ. ನಿನ್ನೆ ಸಂಜೆ ಫ್ರೀಜರ್ ತೆಗೆದು ನೋಡಿದರೆ ಮಾವಿನ ತುಂಡೆಲ್ಲ ಖಾಲಿ, ಪೀಚ್ ಮಾತ್ರ ಹಾಗೇ ಉಳಿದಿದೆ. ನಾನಂತೂ ತಿಂದಿಲ್ಲ. ಅಮ್ಮನನ್ನು ಕೇಳಿದರೆ, “ಸತ್ವ ಇದೆಯಾ ಅಂತ ನೋಡ್ತಿದ್ದೆ” ಅಂದರು.